ತಪ್ಪಾಯ್ತು ಸರಿ, ಆದ್ರೆ ಯಾರಿಂದ?

ಈ ಲೇಖನಕ್ಕೆ ನಾನು ಮೊದಲು ಟೈಪ್ ಮಾಡಿದ ಸಾಲು ಇದು: "ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು, ನನ್ನ ಕನ್ನಡದಲ್ಲಿ ಏನಾದರೂ ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ." ನಮ್ಮ ಸಂಘದ ಪತ್ರಿಕೆಯಲ್ಲಿ ನನ್ನಂಥವರು ಬರೆಯೋ ಲೇಖನಗಳಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗುತ್ತವೆ. ಬರೆದು ಹತ್ತು ನಿಮಿಷ ನೋಡಿದೆ, ಡಿಲೀಟ್ ಮಾಡಿದೆ. ಯಾಕಂದ್ರೆ ಅದು ಸುಳ್ಳು ಕ್ಷಮೆ. ತಪ್ಪು ಇದ್ದೇ ಇರುತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು. ಆದ್ರೂ "ಇದ್ದರೆ" ಅಂದೆ. ಇನ್ನೂ ಯಾರಿಗೂ ನೋವಾಗಿಲ್ಲ, ಆದ್ರೂ ಕ್ಷಮಿಸಿ ಅಂದೆ. ನಿಜ ಹೇಳಬೇಕಂದ್ರೆ ನಾನು ಕೇಳ್ತಾ ಇದ್ದದ್ದು ಕ್ಷಮೆ ಅಲ್ಲ, ಇನ್ಶೂರೆನ್ಸ್.

ಇಷ್ಟು ಸಣ್ಣ ವಿಷಯಕ್ಕೆ ಯಾಕೆ ತಲೆ ಕೆಡಿಸಿಕೊಂಡೆ ಅಂದ್ರೆ, ಕಳೆದ ಸೆಮಿಸ್ಟರ್‌ನಲ್ಲಿ ಒಬ್ಬ ಸ್ನೇಹಿತನಿಗೆ ನಾನು ಮೂರು ಸಲ ಸಾರಿ ಕೇಳಿದ್ದೀನಿ. ಮೊದಲ ಎರಡು ಸಲದ್ದು ಸಾರಿ ಆಗಿರಲೇ ಇಲ್ಲ ಅಂತ ಈಗ ಅನ್ನಿಸ್ತಿದೆ.

ಆಗಿದ್ದು ಇಷ್ಟು. ನಮ್ಮ ಮಿನಿ ಪ್ರಾಜೆಕ್ಟ್ ನಿಮ್ಮಲ್ಲಿ ಹಲವರು ಮಾಡಿರೋ ಥರದ್ದೇ. ಮಣ್ಣಿನ ತೇವ ಅಳೆಯೋ ಸೆನ್ಸರ್, ತೇವ ಕಮ್ಮಿ ಆದ್ರೆ ತಾನಾಗೇ ಆನ್ ಆಗೋ ಚಿಕ್ಕ ಪಂಪ್. ಎಲ್ಲಾ ಜೋಡಿಸಿ ಆದ ಮೇಲೆ ಒಂದು ವಿಚಿತ್ರ ತೊಂದರೆ. ಪಂಪ್ ಆನ್ ಆದ ತಕ್ಷಣ ಕಂಟ್ರೋಲರ್ ಬೋರ್ಡ್ ರೀಸೆಟ್ ಆಗಿಬಿಡೋದು. ಎಲ್ಲರೂ ಕೋಡ್ ನೋಡಿ ನೋಡಿ ಸುಸ್ತಾದ್ವಿ. ನನ್ನ ಸ್ನೇಹಿತ ಮಾತ್ರ ರಾತ್ರಿ ಎರಡು ಗಂಟೆವರೆಗೂ ಮಲ್ಟಿಮೀಟರ್ ಹಿಡ್ಕೊಂಡು ಕೂತಿದ್ದ. ಪಂಪೂ ಬೋರ್ಡೂ ಒಂದೇ ಸಪ್ಲೈ ಮೇಲಿವೆ, ಮೋಟಾರ್ ಶುರುವಾಗೋ ಕ್ಷಣ ಕರೆಂಟ್ ಜಾಸ್ತಿ ಎಳೆದು ವೋಲ್ಟೇಜ್ ಕುಸಿಯುತ್ತೆ ಅಂತ ಕಂಡುಹಿಡಿದವನು ಅವನು. ಪಂಪಿಗೆ ಬೇರೆ ಸಪ್ಲೈ ಕೊಟ್ಟು, ಗ್ರೌಂಡ್ ಮಾತ್ರ ಕಾಮನ್ ಮಾಡಿದ. ಕೆಲಸ ಮಾಡ್ತು.

ವೈವಾದಲ್ಲಿ ಸರ್ ಅದನ್ನೇ ಕೇಳಿದರು, ಈ ಸಪರೇಟ್ ಸಪ್ಲೈ ಐಡಿಯಾ ಯಾರದ್ದು ಅಂತ. ಉತ್ತರ ಗೊತ್ತಿದ್ದವನು ಅವನು, ಇಂಗ್ಲಿಷ್ ನಾಲಿಗೆ ತುದಿಯಲ್ಲಿ ಇದ್ದವನು ನಾನು. ಅವನು ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ನನ್ನ ಬಾಯಿಂದ ಬಂತು, "ಐ ಡಿಡ್ ದಟ್ ಪಾರ್ಟ್, ಸರ್." ನಂಗೆ 50ಕ್ಕೆ 46, ಅವನಿಗೆ 38.

ಮೊದಲ ಸಾರಿ ಅವತ್ತೇ ಸಂಜೆ, ವಾಟ್ಸಾಪ್‌ನಲ್ಲಿ. "ಸಾರಿ ಮಗಾ, ಟೆನ್ಶನ್‌ನಲ್ಲಿ ಬಾಯ್ತಪ್ಪಿ ಬಂತು," ಜೊತೆಗೆ ಕೈ ಮುಗಿಯೋ ಇಮೋಜಿ. ಅವನು ಥಂಬ್ಸ್ ಅಪ್ ಹಾಕಿದ. ಎರಡನೆಯದು ನಾಲ್ಕು ದಿನ ಆದ ಮೇಲೆ, ಅವನು ಮೆಸ್‌ನಲ್ಲಿ ಬೇರೆ ಟೇಬಲ್ಲಿಗೆ ಹೋಗಿ ಕೂತಾಗ. "ನಿಂಗೆ ಬೇಜಾರಾಗಿದ್ರೆ ಸಾರಿ ಕಣೋ." ಅವನು "ಏನಿಲ್ಲ ಬಿಡು" ಅಂದ. ಏನೋ ಇದೆ ಅಂತ ಇಬ್ಬರಿಗೂ ಗೊತ್ತಿತ್ತು.

ಇದೇ ಸಮಯದಲ್ಲಿ ನನ್ನ ಪ್ಲೇಲಿಸ್ಟ್‌ನಲ್ಲಿ ಜಸ್ಟಿನ್ ಬೀಬರ್‌ನ "ಸಾರಿ" ಬಂತು. 2015ರ ಹಾಡು. ಆಗ ನಾನು ಪ್ರೈಮರಿ ಸ್ಕೂಲು. ಆ್ಯನ್ಯುವಲ್ ಡೇಗೆ ಅರ್ಥವೇ ಗೊತ್ತಿಲ್ಲದೆ ಅದಕ್ಕೆ ಕುಣಿದಿದ್ವಿ. ಈ ಸಲ ಮಾತು ಕೇಳಿಸಿಕೊಂಡೆ. ಹಾಡಿನುದ್ದಕ್ಕೂ ಆತ ಸಾರಿ ಕೇಳ್ತಾನೆ, ಇನ್ನೊಂದು ಚಾನ್ಸ್ ಬೇಡ್ತಾನೆ. ತಡವಾಯ್ತಾ ಅಂತ ವಿಚಾರಿಸ್ತಾನೆ. ಆದರೆ ಏನು ಮಾಡಿದ್ದಕ್ಕೆ ಅಂತ ಬಿಡಿಸಿ ಹೇಳೋದೇ ಇಲ್ಲ. ಆತನಿಗೆ ಅವಳು ಬೇಕು ಅಂತ ಗೊತ್ತಾಗುತ್ತೆ, ಅವಳಿಗೆ ಏನಾಯ್ತು ಅಂತ ಗೊತ್ತಾಗಲ್ಲ. ಹಾಡು ಸೂಪರ್, ಬೀಟ್ ಸೂಪರ್, ಅದರಲ್ಲಿ ಡೌಟಿಲ್ಲ. ಆದರೆ ಅದು ನನ್ನ ವಾಟ್ಸಾಪ್ ಮೆಸೇಜಿನ ಮೂರು ನಿಮಿಷದ ವರ್ಷನ್. ತಮಾಷೆ ಏನಂದ್ರೆ, ತಡವಾಯ್ತಾ ಅನ್ನೋ ಪ್ರಶ್ನೆಗೆ ಎಂಟು ವರ್ಷ ಮೊದಲೇ ಉತ್ತರ ಬಂದಾಗಿತ್ತು. ಟಿಂಬಲ್ಯಾಂಡ್ ರೀಮಿಕ್ಸ್ ಮಾಡಿ 2007ರಲ್ಲಿ ಹಿಟ್ ಆದ ಒನ್‌ರಿಪಬ್ಲಿಕ್‌ನ "ಅಪಾಲಜೈಸ್" ಹಾಡೋದು ಕ್ಷಮೆ ಕೇಳಿಸಿಕೊಳ್ಳುವವನ ಕಡೆಯಿಂದ. ಅಲ್ಲಿ ಉತ್ತರ: ಹೌದು, ತಡವಾಯ್ತು.

ಇಲ್ಲಿ ಸ್ವಲ್ಪ ಫಿಲಾಸಫಿ ಬರುತ್ತೆ, ಟ್ಯಾಬ್ ಕ್ಲೋಸ್ ಮಾಡಬೇಡಿ. ಆಕ್ಸ್‌ಫರ್ಡ್‌ನಲ್ಲಿ ಜೆ. ಎಲ್. ಆಸ್ಟಿನ್ ಅಂತ ಒಬ್ಬ ತತ್ವಜ್ಞಾನಿ ಇದ್ದರು. 1955ರಲ್ಲಿ ಹಾರ್ವರ್ಡ್‌ನಲ್ಲಿ ಅವರು ಕೊಟ್ಟ ಉಪನ್ಯಾಸಗಳು, ಅವರು ತೀರಿಕೊಂಡ ಮೇಲೆ, 1962ರಲ್ಲಿ "ಹೌ ಟು ಡೂ ಥಿಂಗ್ಸ್ ವಿತ್ ವರ್ಡ್ಸ್" ಅಂತ ಪುಸ್ತಕವಾದವು. ಅವರ ಮಾತು ಸರಳ. ಕೆಲವು ವಾಕ್ಯಗಳು ಏನನ್ನೂ ವರ್ಣಿಸೋದಿಲ್ಲ, ಅವೇ ಒಂದು ಕೆಲಸ ಮಾಡ್ತವೆ. "ಬೆಟ್ ಕಟ್ತೀನಿ" ಅಂದ್ರೆ ಬೆಟ್ ಕಟ್ಟಿದ ಹಾಗೇ. "ಮಾತು ಕೊಡ್ತೀನಿ" ಅಂದ್ರೆ ಮಾತು ಕೊಟ್ಟ ಹಾಗೇ. "ಕ್ಷಮೆ ಕೇಳ್ತೀನಿ" ಅನ್ನೋದೂ ಈ ಗುಂಪಿನದ್ದೇ. ಮನಸ್ಸಿನಲ್ಲಿ ಏನೂ ಇಲ್ಲದೆ ಕ್ಷಮೆ ಕೇಳಿದರೆ ಕೆಲಸ ನಡೆದುಹೋಗುತ್ತೆ, ಆದರೆ ಒಳಗೆ ಟೊಳ್ಳು.

ಹಾಗಾದರೆ ಮನಸ್ಸಲ್ಲಿ ನಿಜವಾಗಿ ಬೇಜಾರಿದ್ದರೆ ಸಾಕಾ? ನಾನು ಹಾಗೇ ಅಂದುಕೊಂಡಿದ್ದೆ. ಎರಡನೇ ಸಲ ಸಾರಿ ಕೇಳಿದಾಗ ನಂಗೆ ನಿಜಕ್ಕೂ ಹೊಟ್ಟೆಯೊಳಗೆ ಸಂಕಟ ಆಗ್ತಿತ್ತು, ಆ್ಯಕ್ಟಿಂಗ್ ಅಲ್ಲ. ಆದರೆ ಸಂಕಟ ಯಾವುದರ ಬಗ್ಗೆ ಅಂತ ಪ್ರಾಮಾಣಿಕವಾಗಿ ಕೇಳಿಕೊಂಡಾಗ ಸಿಕ್ಕ ಉತ್ತರ ನಾಚಿಕೆಗೇಡು. ಅವನು ನನ್ನ ಪಕ್ಕ ಕೂರ್ತಿಲ್ಲ, ಬ್ಯಾಚ್‌ನಲ್ಲಿ ಗೊತ್ತಾದ್ರೆ ಏನಂದ್ಕೊಳ್ತಾರೆ, ನಾನು ಒಳ್ಳೆಯವನು ಅಂತ ನಂಗಿದ್ದ ನಂಬಿಕೆ ಏನಾಯ್ತು. ಎಲ್ಲಾ ನನ್ನ ಬಗ್ಗೇನೇ. 38ರ ಬಗ್ಗೆ ಒಂದೂ ಇಲ್ಲ. ಅದಕ್ಕೇ ಹೇಳ್ತೀನಿ, ಕ್ಷಮೆ ನಿಜವೋ ಸುಳ್ಳೋ ಅಂತ ಅಳೆಯೋಕೆ ಫೀಲಿಂಗ್ ಎಷ್ಟು ಜೋರಾಗಿದೆ ಅನ್ನೋದು ಸರಿಯಾದ ಮೀಟರ್ ಅಲ್ಲ. ಆ ಫೀಲಿಂಗ್ ಯಾರ ಕಡೆ ಮುಖ ಮಾಡಿದೆ ಅಂತ ನೋಡಬೇಕು.

ಇದೇ ಆಸ್ಟಿನ್ 1956ರಲ್ಲಿ "ಎ ಪ್ಲೀ ಫಾರ್ ಎಕ್ಸ್‌ಕ್ಯೂಸಸ್" ಅನ್ನೋ ಪ್ರಬಂಧ ಓದಿದರು. ಅದರಲ್ಲಿ ನಂಗೆ ತುಂಬಾ ಉಪಯೋಗಕ್ಕೆ ಬಂದ ಒಂದು ವ್ಯತ್ಯಾಸ ಇದೆ. ಸಿಕ್ಕಿಬಿದ್ದವನಿಗೆ ಎರಡು ದಾರಿ. ಒಂದು ಸಮರ್ಥನೆ: ಮಾಡಿದ್ದು ನಾನೇ, ಆದರೆ ಅದು ತಪ್ಪಲ್ಲ. ಇನ್ನೊಂದು ನೆಪ: ಅದು ತಪ್ಪೇ, ಆದರೆ ಪೂರ್ತಿ ನಾನು ಮಾಡಿದ್ದಲ್ಲ, ಟೆನ್ಶನ್, ನಿದ್ದೆ ಇರಲಿಲ್ಲ, ಬಾಯ್ತಪ್ಪಿ ಬಂತು. ಇಲ್ಲಿಂದ ಮುಂದಿನದು ನನ್ನ ಲೆಕ್ಕ. ಎರಡು ಸ್ವಿಚ್ ಅಂದ್ಕೊಳ್ಳಿ, "ಅದು ತಪ್ಪು" ಒಂದು, "ಅದು ನಾನು ಮಾಡಿದ್ದು" ಇನ್ನೊಂದು. ಒಂದು ಆನ್ ಇನ್ನೊಂದು ಆಫ್ ಇದ್ದರೆ ಸಮರ್ಥನೆ ಅಥವಾ ನೆಪ. ಕ್ಷಮೆ ಅಂದ್ರೆ ಆ್ಯಂಡ್ ಗೇಟ್. ಎರಡೂ ಆನ್ ಆದರೆ ಮಾತ್ರ ಔಟ್‌ಪುಟ್. ನನ್ನ ಮೊದಲ ಮೆಸೇಜಿನಲ್ಲಿ ಎರಡನೇ ಸ್ವಿಚ್ ಆಫ್. ಎರಡನೇ ಸಾರಿಯಲ್ಲಿ ಮೊದಲನೆಯದೂ ಅನುಮಾನ, ಯಾಕಂದ್ರೆ "ಬೇಜಾರಾಗಿದ್ರೆ" ಅಂದಾಗ ತಪ್ಪು ನನ್ನ ಕೆಲಸದಿಂದ ಜಾರಿ ಅವನ ಮನಸ್ಸಿನೊಳಗೆ ಹೋಗಿಬಿಡ್ತು. ಅವನಿಗೆ ಬೇಜಾರಾಗಿಲ್ಲ ಅಂದ್ರೆ ನಾನು ಮಾಡಿದ್ದು ಸರಿ ಅಂತಾನಾ?

ಕನ್ನಡ ಇಲ್ಲಿ ಒಂದು ಮಜವಾದ ಜಾಲ ಒಡ್ಡುತ್ತೆ. "ಕ್ಷಮಿಸಿ" ಅನ್ನೋದು ವ್ಯಾಕರಣದ ಲೆಕ್ಕದಲ್ಲಿ ವಿನಂತಿ. ಕೆಲಸ ಮಾಡಬೇಕಾದವರು ಕೇಳಿಸಿಕೊಳ್ಳುವವರು. "ತಪ್ಪಾಯ್ತು" ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಬಳಸೋ ಮಾತು, ಕಿವಿಗೆ ಹಿತ, ತಲೆ ತಗ್ಗಿಸಿದ ಹಾಗೆ ಕೇಳಿಸುತ್ತೆ. ಆದರೆ ಅದರಲ್ಲಿ ಮಾಡಿದವನೇ ಇಲ್ಲ. ಮಳೆಯಾಯ್ತು, ಕತ್ತಲಾಯ್ತು, ತಪ್ಪಾಯ್ತು. ತಾನಾಗೇ ಆಗಿಹೋದ ಹಾಗೆ. "ನಾನು ತಪ್ಪು ಮಾಡಿದೆ" ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ನನ್ನ ಕೇಸ್‌ನಲ್ಲಿ ಇದು ಇನ್ನೂ ಕೆಟ್ಟದಾಗಿತ್ತು. ವೈವಾದಲ್ಲಿ "ಐ" ಅಂತ ಸಲೀಸಾಗಿ ಬಂತು, ಅಲ್ಲಿ ಅದಿರಬಾರದಿತ್ತು. ಸಾರಿ ಕೇಳುವಾಗ "ನಾನು" ಮಾಯವಾಯ್ತು, ಇಲ್ಲಿ ಅದಿರಬೇಕಿತ್ತು.

ಹೆಸರಿಟ್ಟು ಹೇಳೋ ಹಾಡು ಪಾಪ್‌ನಲ್ಲಿ ಇಲ್ವಾ? ಇದೆ. 2016ರಲ್ಲಿ ಬಿಯಾನ್ಸೆಯ "ಲೆಮನೇಡ್" ಬಂತು, ಗಂಡನ ಮೋಸದ ನೋವು, ಸಿಟ್ಟು ತುಂಬಿದ ಆಲ್ಬಂ. ಮರುವರ್ಷ ಜೂನ್‌ನಲ್ಲಿ ಜೇ-ಝೀ "4:44" ತಂದ. ಬೆಳಗಿನ ಜಾವ 4:44ಕ್ಕೆ ಎದ್ದು ಬರೆದದ್ದು ಅಂತ ಆತ ಹೇಳಿಕೊಂಡಿರೋ ಆ ಹಾಡಿನಲ್ಲಿ ಮಾಡಿದ್ದೆಲ್ಲ ಒಂದೊಂದಾಗಿ ಬರುತ್ತೆ. ಹೆಂಗಸರ ಹಿಂದೆ ಹೋಗಿದ್ದು, ಅವಳ ನೋವು ಅರ್ಥವಾಗೋಕೆ ತನಗೆ ಮಗು ಹುಟ್ಟಬೇಕಾಯ್ತು ಅನ್ನೋದು, ಮುಂದೊಂದು ದಿನ ಮಕ್ಕಳಿಗೆ ಇದೆಲ್ಲ ಗೊತ್ತಾದಾಗ ಅವರೆದುರು ಹೇಗೆ ನಿಲ್ಲೋದು ಅನ್ನೋ ಭಯ. ಹೌದು, ಅದನ್ನೂ ಆಲ್ಬಂ ಮಾಡಿ ಮಾರಿದ್ದಾನೆ, ಸಿಕ್ಕಿಬಿದ್ದ ಮೇಲೆ ಹಾಡಿದ್ದಾನೆ, ಅದು ನನ್ನ ಕಣ್ಣಿಗೂ ಬೀಳುತ್ತೆ. ಆದರೆ ಹಾಡು ಕೇಳಿದ ಮೇಲೆ ಏನಾಯ್ತು, ಯಾರಿಗಾಯ್ತು, ಯಾರು ಮಾಡಿದ್ದು ಅನ್ನೋ ಮೂರಕ್ಕೂ ಉತ್ತರ ಸಿಗುತ್ತೆ. "ಸಾರಿ"ಯಲ್ಲಿ ಇದು ಸಿಗಲ್ಲ.

ಹಾಗಂತ ಪಟ್ಟಿ ಕೊಟ್ಟರೆ ಮುಗೀತಾ? ಜಸ್ಟಿನ್ ಟಿಂಬರ್‌ಲೇಕ್ ಕಥೆ ನೋಡಿ. 2004ರ ಸೂಪರ್ ಬೌಲ್ ವೇದಿಕೆ ಮೇಲೆ ಜಾನೆಟ್ ಜಾಕ್ಸನ್‌ರ ಉಡುಪು ಎಳೆದದ್ದು ಇವನ ಕೈ, ಹೆಚ್ಚು ಬೈಸಿಕೊಂಡಿದ್ದು ಆಕೆ. ಬ್ರಿಟ್ನಿ ಸ್ಪಿಯರ್ಸ್ ಜೊತೆಗಿನ ಸಂಬಂಧ ಮುರಿದಾಗಲೂ "ಕ್ರೈ ಮಿ ಎ ರಿವರ್" ಹಿಟ್ ಆಯ್ತು, ಕೆಟ್ಟ ಹೆಸರು ಆಕೆಗೆ ಬಂತು. 2021ರ ಫೆಬ್ರವರಿಯಲ್ಲಿ, ಬ್ರಿಟ್ನಿ ಬಗ್ಗೆ ಡಾಕ್ಯುಮೆಂಟರಿ ಬಂದು ಜನ ಮುಗಿಬಿದ್ದ ಮೇಲೆ, ಇನ್‌ಸ್ಟಾಗ್ರಾಂನಲ್ಲಿ ಇಬ್ಬರ ಹೆಸರೂ ಹಾಕಿ ಕ್ಷಮೆ ಕೇಳಿದ. 2024ರ ಜನವರಿ ಕೊನೆಗೆ ನ್ಯೂಯಾರ್ಕ್ ಶೋ ಒಂದರಲ್ಲಿ, ಅದೇ "ಕ್ರೈ ಮಿ ಎ ರಿವರ್" ಹಾಡೋ ಮೊದಲು, ನಾನು ಯಾರಿಗೂ ಕ್ಷಮೆ ಕೇಳಲ್ಲ ಅನ್ನೋ ಅರ್ಥದ ಮಾತಾಡಿದ. ಯಾರನ್ನು ಉದ್ದೇಶಿಸಿ ಅಂತ ಆತ ಹೇಳಲಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಆದರೂ ಆ ಮಾತು ಕೇಳಿದ ಮೇಲೆ ಮೂರು ವರ್ಷ ಹಿಂದಿನ ಪೋಸ್ಟ್ ಓದಿದರೆ ಬೇರೆ ಥರಾನೇ ಕಾಣುತ್ತೆ. ಕ್ಷಮೆ ಕೇಳಿದ ದಿನ ಅದು ಮುಗಿಯೋದಿಲ್ಲ, ಆಮೇಲೆ ನಾವು ಮಾಡೋದೆಲ್ಲ ಹಿಂದಕ್ಕೆ ಹೋಗಿ ಅದನ್ನ ನಿಜ ಅಥವಾ ಸುಳ್ಳು ಮಾಡ್ತಾ ಇರುತ್ತೆ. ಗಿಟ್‌ನಲ್ಲಿ "ಬಗ್ ಫಿಕ್ಸ್ಡ್" ಅಂತ ಕಮಿಟ್ ಮೆಸೇಜ್ ಹಾಕಿ ಕೋಡ್‌ನಲ್ಲಿ ಒಂದು ಸಾಲೂ ಬದಲಾಯಿಸದೇ ಇದ್ದರೆ ಏನರ್ಥ? ಅದೇ ಅರ್ಥ.

ಇದನ್ನೆಲ್ಲ ಹಾಸ್ಟೆಲ್‌ನಲ್ಲಿ ಹೇಳ್ತಿದ್ದಾಗ ಬೆಳಗಾವಿ ಕಡೆಯ ಜೈನ ಸ್ನೇಹಿತ ಒಬ್ಬ ಒಳ್ಳೇ ಪ್ರಶ್ನೆ ಎತ್ತಿದ. ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಅವರ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಕ್ಷಮೆ ಕೇಳ್ತಾರೆ, "ಉತ್ತಮ ಕ್ಷಮಾ" ಅಂತಾರೆ. ಯಾವ ತಪ್ಪು ಅಂತ ಹೆಸರಿಸಲ್ಲ. ನಿನ್ನ ಪ್ರಕಾರ ಅದೂ ಸುಳ್ಳಾ ಅಂದ. ಯೋಚಿಸಿದೆ. ಗೊತ್ತಿಲ್ಲದೆ ಮಾಡಿದ ತಪ್ಪುಗಳೂ ಇರುತ್ತವಲ್ಲ, ಅವನ್ನ ಹೆಸರಿಸೋದು ಹೇಗೆ? ಅದಕ್ಕೆ ಅಂಥದೊಂದು ದಿನ ಬೇಕು. ಆದರೆ ಹೆಸರು ಗೊತ್ತಿರೋ ತಪ್ಪನ್ನ ಆ ಗುಂಪಿನೊಳಗೆ ತಳ್ಳಿ ಬಚ್ಚಿಡೋದು ಮೋಸ. ಅವನು ಒಪ್ಪಿದ. ಅಂಥ ತಪ್ಪಿದ್ರೆ ಅವರಜ್ಜಿ ಬೇರೆ ಕರೆದು ಕೂರಿಸಿ ಹೇಳಿಸ್ತಾರಂತೆ.

ಮೂರನೇ ಸಾರಿಗೆ ಬರ್ತೀನಿ. ವೈವಾ ಆಗಿ ಎರಡು ವಾರದ ಮೇಲೆ ಸರ್ ಹತ್ತಿರ ಹೋಗಿ, ಆ ಸಪ್ಲೈ ಐಡಿಯಾ ನನ್ನದಲ್ಲ ಅಂತ ಹೇಳಿದೆ. ಹೇಳುವಾಗ ಕಿವಿ ಬಿಸಿಯಾಗಿತ್ತು. ಮಾರ್ಕ್ಸ್ ಆಗಲೇ ಅಪ್‌ಲೋಡ್ ಆಗಿತ್ತು, ಬದಲಾಗಲಿಲ್ಲ. ಅಲ್ಲಿಂದ ಸೀದಾ ಅವನ ರೂಮಿಗೆ ಹೋದೆ. "ನೀನು ರಾತ್ರಿಯೆಲ್ಲ ಕೂತು ಮಾಡಿದ್ದನ್ನ ನಾನು ನಂದು ಅಂತ ಹೇಳಿದೆ. ಬಾಯ್ತಪ್ಪಿ ಅಲ್ಲ, ಆ ಕ್ಷಣ ನಂಗೆ ಅದು ಬೇಕು ಅನ್ನಿಸ್ತು. ಸರ್‌ಗೆ ಹೇಳಿ ಬಂದೆ, ಮಾರ್ಕ್ಸ್ ಬದಲಾಗಲ್ವಂತೆ." ಅಷ್ಟೇ. ಕ್ಷಮಿಸು ಅನ್ನಲಿಲ್ಲ. ಅದು ಕೊಡೋದು ಬಿಡೋದು ಅವನಿಗೆ ಬಿಟ್ಟದ್ದು, ನಾನು ಕೇಳಿದರೆ ಮತ್ತೆ ಅವನಿಗೇ ಕೆಲಸ ಹಚ್ಚಿದ ಹಾಗೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ," ಅಂದ. ಈ ಸಲ ಥಂಬ್ಸ್ ಅಪ್ ಇಲ್ಲ, "ಏನಿಲ್ಲ ಬಿಡು"ನೂ ಇಲ್ಲ. ಈಗಲೂ ನಾವು ಮೊದಲಿನಷ್ಟು ಕ್ಲೋಸ್ ಇಲ್ಲ. ಈ ಲೇಖನ ಹಾಕಲಾ ಅಂತ ಅವನನ್ನ ಕೇಳಿದೆ. ಹಾಕು, ಹೆಸರು ಬೇಡ ಅಂದ. ಗ್ರೌಂಡ್ ಕಾಮನ್ ಮಾಡಿದ್ದನ್ನ ಮಾತ್ರ ಸರಿಯಾಗಿ ಬರಿ ಅಂತಲೂ ಹೇಳಿದ. ಬರೆದಿದ್ದೀನಿ.

ನನ್ನ ಕನ್ನಡದ ತಪ್ಪುಗಳ ವಿಷಯ. ಇವೆ, ಮಾಡಿದ್ದು ನಾನೇ. ಕಂಡರೆ ಕಾಮೆಂಟ್‌ನಲ್ಲಿ ಹೇಳಿ, ಮುಂದಿನ ಸಂಚಿಕೆಯಲ್ಲಿ ತಿದ್ದಿಕೊಂಡು ಬರ್ತೀನಿ.