ಮೊದಲು ಸ್ಟೇರಿಂಗು, ಆಮೇಲೆ ಟೈರು

ಮೊನ್ನೆ ಅರಕಲಗೂಡಿನಿಂದ ಹೊಳೆನರಸೀಪುರದವರೆಗೆ ನಮ್ಮ ಭಾವನ ಹಳೇ ಎಂ.ಎಂ. 540 ಜೀಪು ಓಡಿಸಿಕೊಂಡು ಬಂದೆ. ತೋಳು ಬಿದ್ದುಹೋಯ್ತು! ಶುಂಠಿ ದುಡ್ಡು ಬಂದ ಖುಷಿಗೆ ದಪ್ಪ ಟೈರು ಹಾಕ್ಸಿದ್ದಾರೆ, ಪಟ್ಟಾ ಸೇರಿಸಿ ಎತ್ತರ ಮಾಡ್ಸಿದ್ದಾರೆ. ಸ್ಟೇರಿಂಗ್ ಮಾತ್ರ ಹಳೇದೇ. ಸಣ್ಣ ಗುಂಡಿ ಸಿಕ್ಕಿದ್ರೂ ಮುಂದಿನ ಚಕ್ರ ಎರಡೂ ತಕತಕ ಕುಣೀತವೆ.

"ಟೈರ್ ಬ್ಯಾಲೆನ್ಸ್ ಮಾಡಿಸ್ಬೇಕು ಕಣೋ" ಅಂದ್ರು ಭಾವ.

ಬರೀ ಅದಲ್ಲ ಸ್ವಾಮಿ. ಗಾಡಿ ಎತ್ತರಿಸಿದಾಗ ಡ್ರ್ಯಾಗ್ ಲಿಂಕ್ ಓರೆಯಾಗುತ್ತೆ. ಆಮೇಲೆ ಹಳ್ಳದಲ್ಲಿ ಪಟ್ಟಾ ಅದುಮಿದಾಗೆಲ್ಲ ನೀವು ತಿರುಗಿಸದೇ ಇದ್ರೂ ಚಕ್ರ ತಿರುಗುತ್ತೆ. ಕಿಂಗ್ ಪಿನ್ ಬೇರಿಂಗು, ಟೈ ರಾಡ್ ಎಂಡು ಸವೆದಿದ್ರಂತೂ ಮುಗೀತು, ಕುಣಿತ ಶುರು. ಇದರ ಮೇಲೆ ಪವರ್ ಸ್ಟೇರಿಂಗ್ ಕೂರಿಸಿದ್ರೆ ಕೈಗೆ ಹಗುರ, ಸರಿ. ಆದ್ರೆ ಸವೆತ ಹಾಗೇ ಇರುತ್ತಲ್ಲ, ಕೈಗೆ ಗೊತ್ತಾಗಲ್ಲ ಅಷ್ಟೇ. ಇನ್ನು ಬಾಗಿದ ಲಿಂಕಿಗೆ ಬೆಂಕಿ ಕೊಟ್ಟು ವೆಲ್ಡಿಂಗ್ ಹೊಡೆಸೋರನ್ನ ಕಂಡ್ರೆ ನನಗೆ ನಿಜಕ್ಕೂ ಭಯ. ಅದು ಮುರಿದ್ರೆ ಸ್ಟೇರಿಂಗ್ ನಿಮ್ಮ ಕೈಲಿ, ಚಕ್ರ ಅದರಿಷ್ಟಕ್ಕೆ.

ನನ್ನ ಪ್ರಕಾರ ಮೊದಲು ಮುಂದಿನ ಆಕ್ಸಲ್ ಪೂರಾ ಬಿಚ್ಚಿಸಿ ಬೇರಿಂಗು, ಎಂಡುಗಳನ್ನ ಹೊಸದು ಹಾಕಿಸಬೇಕು, ಟೈರು ಕಂಪನಿ ಸೈಜಿಗೇ ಬರಬೇಕು. ಕಂಪನಿ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. (ಹಾಸನದ ರಸ್ತೆಗಳಲ್ಲಿ ಓಡಾಡೋ ಜೀಪು ನೋಡಿದ್ರೆ ಯಾರಿಗೂ ಗೊತ್ತಿದ್ದಂಗಿಲ್ಲ!)

"ದಪ್ಪ ಟೈರು ತೆಗೆದ್ರೆ ಅದನ್ನ ಜೀಪು ಅಂತಾರೇನೋ?" ಅನ್ನೋದು ಭಾವನ ಪ್ರಶ್ನೆ. ಮುಂದಿನ ತಿಂಗಳು ಮಕ್ಕಳನ್ನ ಕೂರಿಸಿಕೊಂಡು ಬಿಸಿಲೆ ಘಾಟಿಗೆ ಹೋಗ್ತಾರಂತೆ. ಆಕ್ಸಲ್ ಬಿಚ್ಚೋವರೆಗೂ ನಾನು ಹತ್ತಲ್ಲ, ಮಕ್ಕಳನ್ನೂ ಹತ್ತಿಸಬೇಡಿ ಅಂದಿದ್ದೀನಿ. ಅಕ್ಕ ನನ್ನ ಕಡೆ ಇದ್ದಾಳೆ.