ಕಾಲುದಾರಿಯ ವಿಚಾರ

ಕಳೆದ ಫೆಬ್ರವರಿಯ ಕೊನೆಯಲ್ಲಿ ನಮ್ಮ ತಮ್ಮನ ಮಗನು ತನ್ನ ಇಬ್ಬರು ಸ್ನೇಹಿತರೊಡನೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದಿಳಿದನು. ಮೂವರ ಬೆನ್ನ ಮೇಲೂ ಒಂದೊಂದು ಭಾರವಾದ ಚೀಲ, ಕಾಲಿಗೆ ದಪ್ಪ ಅಟ್ಟೆಯ ಬೂಟು. ಕಾಫಿ ಕುಡಿದು ಮುಗಿಯುವ ಮುನ್ನವೇ ಅವನು, “ದೊಡ್ಡಪ್ಪ, ನಾಳೆ ಬೆಳಗ್ಗೆ ಚಾರಣ ಹೊರಡಬೇಕೆಂದಿದ್ದೇವೆ. ಕಾಡಿನೊಳಗೆ ಒಳ್ಳೆಯ ದಾರಿ ಯಾವುದಿದೆ, ಹೇಳಿ” ಎಂದನು.

ಚಾರಣವೆಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನಮಗೆ ಒಳಗೊಳಗೇ ನಗು ಬರುವುದುಂಟು. ಸಂಸ್ಕೃತದಲ್ಲಿ ಚಾರಣನೆಂದರೆ ಊರೂರು ಅಲೆಯುತ್ತ ಅರಸರ ಕೀರ್ತಿಯನ್ನು ಹಾಡುವವನು. ಪುರಾಣಗಳಲ್ಲಿ ಸಿದ್ಧ ಗಂಧರ್ವರ ಜೊತೆಗೆ ಆಕಾಶದಲ್ಲಿ ನಿಂತು ಹೂಮಳೆಗರೆಯುವ ಗಣದವನು. ಬೆನ್ನಿಗೆ ಚೀಲ ಕಟ್ಟಿಕೊಂಡು ಗುಡ್ಡ ಹತ್ತುವುದಕ್ಕೆ ಈ ಹೆಸರು ಅಂಟಿಕೊಂಡದ್ದು ಈಚಿನ ಕಾಲದಲ್ಲಿ. ಆದರೂ ಧಾತು ಒಂದೇ ಆಗಿರುವುದರಿಂದ, ಚರಣವೂ ಆ ಧಾತುವಿನಿಂದಲೇ ಹುಟ್ಟಿರುವುದರಿಂದ, ತಪ್ಪೆಂದು ಹೇಳಲಾಗದು. ಮೇಷ್ಟರಾಗಿದ್ದವರಿಗೆ ತಿದ್ದುವ ಚಾಳಿ ಬೇಗ ಬಿಡದು, ವಾಚಕರು ಕ್ಷಮಿಸಬೇಕು.

ದಾರಿಗಳು ಬೇಕಾದಷ್ಟಿವೆ, ಆದರೆ ಈ ತಿಂಗಳಲ್ಲಿ ಪಡುವಲ ಕಾಡಿಗೆ ಮಾತ್ರ ಕಳುಹಿಸಲಾರೆವೆಂದು ಹೇಳಿದೆವು. ಹುಡುಗರ ಮುಖ ಸಣ್ಣದಾಯಿತು. ಹುಲಿಯ ಭಯವೆ, ಆನೆಯ ಭಯವೆ ಎಂದು ಕೇಳಿದರು. ಎರಡೂ ಅಲ್ಲ, ನಾವು ಹೆದರುವುದು ಎಳ್ಳಿನ ಕಾಳಿಗಿಂತಲೂ ಚಿಕ್ಕದಾದ ಉಣುಗಿಗೆ.

1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರಮೇಲೊಂದು ಸತ್ತು ಬೀಳತೊಡಗಿದುವು. ಸುತ್ತಲ ಹಳ್ಳಿಗಳ ಜನರಿಗೂ ವಿಷಮವಾದ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿ, ಅದುವರೆಗೆ ಯಾರೂ ಕಂಡಿರದ ರೋಗಾಣುವೊಂದನ್ನು ಗುರುತಿಸಿದರು. ಹೀಗೆ ನಮ್ಮದೊಂದು ಕಾಡಿನ ಹೆಸರು ಲೋಕದ ವೈದ್ಯಗ್ರಂಥಗಳನ್ನು ಸೇರಿತು. ಇಂಥ ಕೀರ್ತಿ ಯಾರಿಗೆ ಬೇಕಾಗಿತ್ತು! ಮಲೆನಾಡಿನವರು ಇದನ್ನು ಮಂಗನ ಕಾಯಿಲೆ ಎನ್ನುವರು. ಮಂಗನು ಇಲ್ಲಿ ಅಪರಾಧಿಯಲ್ಲ, ನಮ್ಮಂತೆಯೇ ರೋಗಕ್ಕೆ ತುತ್ತಾದವನು. ಸೋಂಕಿದ ಮಂಗವು ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲ ನೆಲಕ್ಕೆ ಹರಡುವುವು. ಮುಂದೆ ಆ ದರಗಿನ ಮೇಲೆ ಕಾಲಿಟ್ಟವರ ಮೈಗೆ ಹತ್ತುವುವು. ಮಳೆ ನಿಂತು ಎಲೆಯುದುರಿ ನೆಲ ಒಣಗಿದ ಮೇಲೆ, ಸುಮಾರಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಇವುಗಳ ಹಾವಳಿ ಹೆಚ್ಚು. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಚಳಿ, ಹಣೆಯೊಡೆಯುವಂಥ ತಲೆನೋವು, ತೀವ್ರವಾದ ಜ್ವರ, ಮೈಕೈನೋವು ಕಾಣಿಸಿಕೊಳ್ಳುವುವು. ಕೆಲವರಿಗೆ ರಕ್ತಸ್ರಾವವೂ ಆಗುವುದು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಇದರಿಂದ ಪ್ರಾಣ ಕಳೆದುಕೊಂಡುದನ್ನು ಇಲ್ಲಿನವರು ಇನ್ನೂ ಮರೆತಿಲ್ಲ. ಬಹುಕಾಲ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ಫಲಕಾರಿಯಲ್ಲವೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಿದರು. ಇದಕ್ಕೆಂದೇ ಬೇರೆ ಮದ್ದಿಲ್ಲ. ಬೇಗನೆ ಆಸ್ಪತ್ರೆ ಸೇರಿ ಶುಶ್ರೂಷೆ ಪಡೆಯುವುದೊಂದೇ ಉಪಾಯ.

ಸೊಪ್ಪು, ದರಗು, ಸೌದೆಗಾಗಿ ಕಾಡನ್ನು ಹೊಗಲೇಬೇಕಾದವರು ಆರೋಗ್ಯ ಇಲಾಖೆಯವರು ಹಂಚುವ ಎಣ್ಣೆಯನ್ನು ಕೈಕಾಲಿಗೆ ಸವರಿಕೊಂಡು, ಮೈತುಂಬ ಬಟ್ಟೆಯುಟ್ಟು ಹೋಗುವರು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನಮಾಡುವರು. ಅವರಿಗೆ ಹೊಟ್ಟೆಪಾಡು. ಹೊಟ್ಟೆಪಾಡಿಲ್ಲದವನು ಅದೇ ತಿಂಗಳನ್ನೇ ಹುಡುಕಿಕೊಂಡು ಹೋಗಿ ದರಗಿನ ಮೇಲೆ ಕುಳಿತು ಬುತ್ತಿ ಬಿಚ್ಚುವುದನ್ನು ನಾವು ಒಪ್ಪಲಾರೆವು. ಹೋಗಿ ಬಂದವರ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸಬೇಕು. ಸತ್ತ ಮಂಗವನ್ನು ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ಸುದ್ದಿ ಮುಟ್ಟಿಸತಕ್ಕದ್ದು.

ಇನ್ನು ಅಪ್ಪಣೆಯ ಮಾತು. ನಗರಕ್ಕೆ ಹತ್ತಿರದ ಶೆಟ್ಟಿಹಳ್ಳಿಯ ಕಾಡು 1974ರಿಂದ ಅಭಯಾರಣ್ಯ. ಇಲಾಖೆಯ ಅಪ್ಪಣೆಯಿಲ್ಲದೆ ಅದರೊಳಗೆ ಅಲೆಯುವಂತಿಲ್ಲ. 2024ರಿಂದ ಇಲಾಖೆಯು ತನ್ನ ಹಲವು ಚಾರಣದಾರಿಗಳಿಗೆ ಅಂತರ್ಜಾಲದ ಮೂಲಕ ಮುಂಚಿತವಾಗಿ ಚೀಟಿ ಪಡೆಯುವ ಏರ್ಪಾಡನ್ನೂ ಮಾಡಿದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿದಾಗ ಊರು ಮುಳುಗಿದವರಲ್ಲಿ ಕೆಲವರು ಬಂದು ನೆಲೆಸಿದ್ದು ಈ ಶೆಟ್ಟಿಹಳ್ಳಿಯ ಕಾಡಿನ ನಡುವೆಯೇ. ಅವರಿಗೆ ಕಾಡಿನ ಕಾಲುದಾರಿ ವಿನೋದವಲ್ಲ. ಬಸುರಿಯನ್ನು ಆಸ್ಪತ್ರೆಗೆ ಸಾಗಿಸುವ ದಾರಿ. ಹುಡುಗರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

ಮರುದಿನ ಅವರನ್ನು ಕೂಡಲಿಗೆ ಕರೆದುಕೊಂಡು ಹೊರಟೆವು. ಹೊಳೆಹೊನ್ನೂರಿನ ಹಾದಿಯಲ್ಲಿ ನಡುವೆಯೇ ಬಸ್ಸಿಳಿದು, ನಾವು ಚಿಕ್ಕಂದಿನಲ್ಲಿ ತಂದೆಯವರೊಡನೆ ನಡೆದಿದ್ದ ಕಾಲುದಾರಿಯನ್ನು ಹಿಡಿದೆವು. ಅರ್ಧ ಮೈಲಿ ಸೊಗಸಾಗಿ ಸಾಗಿತು. ಅಲ್ಲಿಂದ ಮುಂದೆ ದಾರಿಗೆ ಅಡ್ಡಲಾಗಿ ಮುಳ್ಳುತಂತಿಯ ಬೇಲಿ, ಅದರಾಚೆಗೆ ಎಳೆಯ ಅಡಕೆಯ ತೋಟ. ಹುಡುಗನು ಕೈಯಲ್ಲಿದ್ದ ಮೊಬೈಲನ್ನು ನೋಡಿ, “ಇದರಲ್ಲಿ ದಾರಿಯೇ ತೋರಿಸುತ್ತಿಲ್ಲ, ದೊಡ್ಡಪ್ಪ” ಎಂದನು. ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ನಮ್ಮ ಪೇಚಾಟವನ್ನು ಕಂಡು ಹತ್ತಿರ ಬಂದು, “ನಕಾಶೆಯಲ್ಲೈತೆ ಸ್ವಾಮಿ, ನೆಲದ ಮೇಲಿಲ್ಲ” ಎಂದರು. ಶಾಲೆಗೆ ಹೋಗುವ ಮಕ್ಕಳೂ ಬಹಳ ದೂರ ಬಳಸಿಕೊಂಡು ಹೋಗುವರಂತೆ.

ಆ ಮುದುಕರ ಮಾತಿನಲ್ಲಿ ಒಂದು ಕಾನೂನೇ ಅಡಗಿದೆ. ಹಿಂದೆ ಮೋಜಣಿ ಮಾಡಿದವರು ಪ್ರತಿಯೊಂದು ಗ್ರಾಮಕ್ಕೂ ನಕಾಶೆ ಬರೆದು, ಅದರಲ್ಲಿ ಬಂಡಿದಾರಿ ಕಾಲುದಾರಿಗಳನ್ನು ಬೇರೆ ಬೇರೆ ಗುರುತುಗಳಿಂದ ತೋರಿಸಿದ್ದಾರೆ. ಇವನ್ನು ಕಂದಾಯದವರು ‘ನಕಾಶೆ ಕಂಡ ದಾರಿ’ ಎನ್ನುವರು. ಇಂಥ ದಾರಿ ಯಾರ ಜಮೀನಿನೊಳಗೆ ಹಾದಿದ್ದರೂ ಅದನ್ನು ಅವನು ತನ್ನಿಷ್ಟದಂತೆ ಮುಚ್ಚಲಾಗದು. ಮುಚ್ಚಿದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ತೆರೆಸಬಹುದು. ನಕಾಶೆಯ ಪ್ರತಿಯು ಈಗ ಮನೆಯಲ್ಲಿ ಕುಳಿತೇ ಅಂತರ್ಜಾಲದಲ್ಲಿ ದೊರೆಯುತ್ತದೆ. ತೋಟದವನನ್ನೇ ದೂರಿ ಫಲವಿಲ್ಲ. ಮಳೆಯನ್ನೇ ನಂಬಿದ ಹೊಲವಾಗಿದ್ದಾಗ ಬದುವಿನ ಮೇಲೆ ನಾಲ್ಕು ಜನ ನಡೆದರೆ ನಷ್ಟವೇನೂ ಇರಲಿಲ್ಲ. ಕಾಲುವೆಯ ನೀರು ಬಂದು ಅಡಕೆ ಇಟ್ಟ ಮೇಲೆ ಗೇಣು ನೆಲಕ್ಕೂ ಬೆಲೆ. ನಡೆಯುವವರೂ ಕಡಿಮೆಯಾದರು. ಮನೆಗೊಂದು ಮೋಟಾರು ಸೈಕಲ್ಲಿರುವಾಗ ಬದುವಿನ ದಾರಿಯನ್ನು ಯಾರು ನೆನೆಯುವರು? ಮುದುಕರ ಮನೆಯ ಜಗಲಿಯಲ್ಲಿ ಕುಳಿತು ಅವರ ಹೆಸರಿನಲ್ಲಿ ಒಂದು ಅರ್ಜಿ ಬರೆದುಕೊಟ್ಟೆವು. ನಕಾಶೆಯನ್ನು ಹುಡುಗನೇ ಮೊಬೈಲಿನಲ್ಲಿ ತೆಗೆದನು. ಅವನ ಮೊಬೈಲಿನ ಬಗ್ಗೆ ನಮ್ಮ ಅಭಿಪ್ರಾಯ ಅಂದಿನಿಂದ ಕೊಂಚ ಬದಲಾಗಿದೆ.

ಬಳಸಿಕೊಂಡು ಕೂಡಲಿಯನ್ನು ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ವರಾಹಪರ್ವತದ ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿ ಬೇರೆ ಬೇರೆ ದಿಕ್ಕು ಹಿಡಿದ ತುಂಗೆ ಭದ್ರೆಯರು ಇಲ್ಲಿ ಮತ್ತೆ ಕೂಡಿ ತುಂಗಭದ್ರೆಯಾಗುವರು. ಹೊಯ್ಸಳರ ಕಾಲದ ರಾಮೇಶ್ವರ ದೇವಾಲಯ, ಚಿಂತಾಮಣಿ ನರಸಿಂಹ, ಸಂಗಮೇಶ್ವರ, ಶೃಂಗೇರಿ ಪರಂಪರೆಯದೊಂದು ಮಠ, ಅಕ್ಷೋಭ್ಯತೀರ್ಥರ ಪರಂಪರೆಯದೊಂದು ಮಠ, ಇಷ್ಟೆಲ್ಲವೂ ಒಂದು ಚಿಕ್ಕ ಊರಿನಲ್ಲಿ. ಒಂದೇ ಮೆಟ್ಟಲಿನ ಮೇಲೆ ಕುಳಿತು ಎರಡು ನದಿಗಳನ್ನು ನೋಡುತ್ತ ಬುತ್ತಿ ಉಂಡೆವು. ಬೂಟು ಬಿಚ್ಚಿ ನೀರಿಗಿಳಿದ ಹುಡುಗರನ್ನು ಮೇಲಕ್ಕೆ ಕರೆಯಲು ಗಂಟಲು ಒಣಗಿತು.

ಮೂರನೆಯ ದಿನ ಭದ್ರಾವತಿ. ಇದರ ಹಳೆಯ ಹೆಸರು ಬೆಂಕಿಪುರ. ವಂಕಿ ಮುನಿಯ ವಂಕಿಪುರವೇ ಹಾಗಾಯಿತೆಂದು ಸ್ಥಳಪುರಾಣ ಹೇಳುವುದು. ಬೆಂಕಿಯೇನೋ ಆಮೇಲೆ ನಿಜವಾಗಿಯೇ ಬಂದಿತು: 1918ರಲ್ಲಿ ಮೈಸೂರು ಸಂಸ್ಥಾನದವರು ಕಟ್ಟತೊಡಗಿದ ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಲು ಅಲ್ಲಿ ಉರಿಸಿದ್ದು ಕಲ್ಲಿದ್ದಲಲ್ಲ, ಸುತ್ತಲ ಕಾಡಿನ ಮರದ ಇದ್ದಲು. ಅದಕ್ಕಾಗಿ ಕಾಡಿನೊಳಗೆ ಟ್ರಾಮು ಹಳಿಗಳನ್ನು ಹಾಸಿದ್ದರು. ಮುಂದೆ ಕಾಗದದ ಕಾರ್ಖಾನೆಗಾಗಿ ನೀಲಗಿರಿ, ಅಕೇಶಿಯ ನೆಟ್ಟರು. ಈಗ ಆ ಕಾರ್ಖಾನೆಯ ಯಂತ್ರಗಳು ನಿಂತಿವೆ, ತೋಪುಗಳು ನಿಂತೇ ಇವೆ. ಆದಕಾರಣ ಭದ್ರಾವತಿಯ ಸುತ್ತ ನಡೆಯುವವನು ಸಾಲು ಹಿಡಿದು ನಿಂತ ಮರಗಳನ್ನು ಕಂಡು ಅನಾದಿಯ ಅರಣ್ಯವೆಂದು ಭಾವಿಸಬಾರದು. ಊರಿನೊಳಗಣ ಲಕ್ಷ್ಮೀನರಸಿಂಹ ದೇವಾಲಯವು ಮೂರು ಗರ್ಭಗೃಹಗಳ ತ್ರಿಕೂಟ, ಹೊಯ್ಸಳರ ಕೆಲಸ. ಸಮಯವಿದ್ದವರು ಅಲ್ಲಿಂದ ತರೀಕೆರೆಯ ಕಡೆಗೆ ಹೋಗಿ, 1196ರಲ್ಲಿ ಕಟ್ಟಿದ ಅಮೃತಾಪುರದ ಅಮೃತೇಶ್ವರವನ್ನೂ ನೋಡಬಹುದು.

ಹಾಗಾದರೆ ಗುಡ್ಡ ಹತ್ತುವುದು ಯಾವಾಗ ಎಂದು ಹೊರಡುವಾಗ ಹುಡುಗರು ಕೇಳಿದರು. ಮಳೆಗಾಲ ಕಳೆದು, ದರಗು ಬೀಳುವ ಮುನ್ನ, ಅಕ್ಟೋಬರು ನವೆಂಬರಿನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಬನ್ನಿರೆಂದೆವು. ಅದು ಕೆಳದಿಯ ನಾಯಕರ ಗಿರಿದುರ್ಗ. ಬುಡದಲ್ಲಿ ಹಳ್ಳಿ, ಗದ್ದೆ; ಗದ್ದೆಯನ್ನು ದಾಟಿದರೆ ಮರಗಳ ನಡುವೆ ಕಲ್ಲು ಹಾಸಿದ ಹಳೆಯ ದಾರಿ. ಮೂರು ಸುತ್ತಿನ ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ಹೊಕ್ಕು, ಅರಮನೆಯ ತಳಪಾಯವನ್ನೂ ಕೊಳಗಳನ್ನೂ ನೋಡಿಕೊಂಡು ನೆತ್ತಿಯ ಗುಡಿಯವರೆಗೂ ಹೋಗಬಹುದು. ಮಕ್ಕಳೂ ಹತ್ತಬಲ್ಲರು. ನೆಲ ಹಸಿಯಿದ್ದರೆ ಇಂಬಳ ಹತ್ತುವುದುಂಟು. ಉಪ್ಪು ಹಾಕಿದರೆ ಬಿದ್ದುಹೋಗುವುದು, ಗಾಬರಿ ಬೇಡ. ಕಲ್ಲುಗಳು ಮಾತ್ರ ಪಾಚಿಗಟ್ಟಿ ಜಾರುವುವು. ನಮ್ಮ ವಯಸ್ಸಿನವರು ಕೈಯಲ್ಲೊಂದು ಕೋಲು ಹಿಡಿಯುವುದು ಲೇಸು.

ದೀಪಾವಳಿಯ ರಜೆಗೆ ಬರುವುದಾಗಿ ಹುಡುಗನು ತಿಳಿಸಿದ್ದಾನೆ. ಹೊಳೆಹೊನ್ನೂರಿನ ಹಾದಿಯ ಆ ಮುದುಕರಿಂದಲೂ ಮೊನ್ನೆ ಸಮಾಚಾರ ಬಂದಿತು: ಅರ್ಜಿ ವಿಚಾರಣೆಯಲ್ಲಿದೆ, ಬೇಲಿ ಇದ್ದಲ್ಲೇ ಇದೆ, ಆದರೆ ತೋಟದವನು ತಾನಾಗಿಯೇ ಒಂದು ಮೂಲೆಯಲ್ಲಿ ತಂತಿಯನ್ನು ಸಡಿಲಿಸಿ, ಶಾಲೆಯ ಮಕ್ಕಳು ನುಸುಳುವಷ್ಟು ಜಾಗ ಬಿಟ್ಟಿರುವನಂತೆ.