ನೂರು ಮಕ್ಕಳಿಲ್ಲದ ಶಾಲೆಗೆ ಆಪ್ತರು ಯಾರು?

ಮೈಸೂರಿನ ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣ್ ಅವರ ಮನೆ ಇನ್ನೇನು ನೆಲಸಮವಾಗಲಿದೆ ಎನ್ನುವಷ್ಟರಲ್ಲಿ ಉಳಿದುಕೊಂಡು, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು. ಮಾಲ್ಗುಡಿಯ ಕತೆಗಾರನ ಮನೆಯನ್ನು ಊರು ಉಳಿಸಿಕೊಂಡಿತು ಎಂಬುದು ಸಂತೋಷದ ಸಂಗತಿ. ಆದರೆ ಆ ಮನೆಯ ಯಜಮಾನರು ಸಂಸತ್ತಿನಲ್ಲಿ ಎತ್ತಿದ್ದ ಪ್ರಶ್ನೆಗೆ ಮೂರೂವರೆ ದಶಕ ಕಳೆದರೂ ಉತ್ತರ ಸಿಕ್ಕಿಲ್ಲ.

ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದ ನಾರಾಯಣ್ 1989ರಲ್ಲಿ ತಮ್ಮ ಮೊದಲ ಭಾಷಣಕ್ಕೆ ಆರಿಸಿಕೊಂಡ ವಿಷಯ ಸಾಹಿತ್ಯವಲ್ಲ, ಶಾಲಾ ಮಕ್ಕಳ ಚೀಲ. ಪುಸ್ತಕದ ಹೊರೆ ಹೊತ್ತ ಮಕ್ಕಳು ಬೆನ್ನು ಬಾಗಿಸಿ, ಕೈಗಳನ್ನು ಮುಂದಕ್ಕೆ ಇಳಿಬಿಟ್ಟು ನಡೆಯುವ ಚಿತ್ರವನ್ನು ಅವರು ಸದನದ ಮುಂದಿಟ್ಟರು. ಬೆಳಿಗ್ಗೆ ಏಳುವ ಹೊತ್ತಿನಿಂದ ರಾತ್ರಿ ಮಲಗುವವರೆಗೆ ಮಗುವಿಗೆ ತನ್ನದೆಂಬ ಹೊತ್ತೇ ಇಲ್ಲವೆಂಬುದು ಅವರ ಅಳಲಾಗಿತ್ತು. ಅವರ ಮಾತಿಗೆ ಒಂದು ವಿಶೇಷ ಅಧಿಕಾರವೂ ಇತ್ತು. ಮಹಾರಾಜ ಕಾಲೇಜಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮಗನಾಗಿದ್ದೂ ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಕುಳಿತವರು ಅವರು. 1935ರಲ್ಲಿ ಪ್ರಕಟವಾದ ಮೊದಲ ಕಾದಂಬರಿಯಲ್ಲಿ ಅವರ ಬಾಲಕ ಸ್ವಾಮಿ ಒಂದಲ್ಲ, ಎರಡು ಶಾಲೆಗಳಿಂದ ಓಡಿಹೋಗುತ್ತಾನೆ. ಮೊದಲನೆಯದರಲ್ಲಿ ಅವನ ದೇವರನ್ನು ಅಧ್ಯಾಪಕರು ಹೀಯಾಳಿಸುತ್ತಾರೆ. ಎರಡನೆಯದರಲ್ಲಿ ಮುಖ್ಯೋಪಾಧ್ಯಾಯರ ಬೆತ್ತ ಕಾದಿರುತ್ತದೆ. ಶಂಕರ್‌ನಾಗ್ ಅವರ ಧಾರಾವಾಹಿಯಲ್ಲಿ ಅದನ್ನು ಕಂಡು ನಕ್ಕವರೆಲ್ಲ ಮರೆತ ಅಂಶವೆಂದರೆ, ಸ್ವಾಮಿಗೆ ಯಾವ ಶಾಲೆಯೂ ತನ್ನದು ಎನಿಸಲಿಲ್ಲ.

ನಾರಾಯಣ್ ಅವರ ಭಾಷಣ ವ್ಯರ್ಥವಾಗಲಿಲ್ಲ. ಅದು ಹುಟ್ಟುಹಾಕಿದ ಚರ್ಚೆಯ ಫಲವಾಗಿ 1992ರಲ್ಲಿ ವಿಜ್ಞಾನಿ ಪ್ರೊ. ಯಶ್‌ಪಾಲ್ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ಸಮಿತಿ ರಚಿಸಿತು. 1993ರಲ್ಲಿ ಬಂದ ವರದಿ ಒಂದು ಮುಖ್ಯ ತಿರುವು ನೀಡಿತು. ಮಗುವನ್ನು ನಿಜಕ್ಕೂ ಕುಗ್ಗಿಸುತ್ತಿರುವುದು ಚೀಲದ ತೂಕಕ್ಕಿಂತ ಹೆಚ್ಚಾಗಿ ಪಾಠ ಅರ್ಥವಾಗದ ಹೊರೆ ಎಂದು ಸಮಿತಿ ಗುರುತಿಸಿತು. ಅರ್ಥವಾಗದ ತರಗತಿಯಲ್ಲಿ ದಿನಕ್ಕೆ ಆರು ತಾಸು ಕುಳಿತಿರುವ ಮಗು ಅಲ್ಲಿ ಹೊರಗಿನವನಾಗಿಯೇ ಉಳಿಯುತ್ತದೆ.

ಸರ್ಕಾರಗಳು ಈ ವರದಿಯಿಂದ ಆಯ್ದುಕೊಂಡದ್ದು ಮಾತ್ರ ತೂಗಲು ಬರುವ ಭಾಗವನ್ನು. ಕರ್ನಾಟಕ 2019ರಲ್ಲಿ ಹೊರಡಿಸಿದ ಆದೇಶದಂತೆ ಒಂದು ಮತ್ತು ಎರಡನೇ ತರಗತಿಯ ಚೀಲ ಒಂದೂವರೆಯಿಂದ 2 ಕಿಲೋ, ಒಂಬತ್ತು ಮತ್ತು ಹತ್ತನೆಯದು 4ರಿಂದ 5 ಕಿಲೋ ಮೀರಬಾರದು. ತಿಂಗಳಿಗೊಂದು ಶನಿವಾರ ಚೀಲವಿಲ್ಲದ ದಿನ. ಇದೇ ಸೂಚನೆಯನ್ನು 2023ರಲ್ಲಿ ಮತ್ತೊಮ್ಮೆ ಹೊರಡಿಸಬೇಕಾಯಿತು ಎಂಬುದೇ ಮೊದಲ ಆದೇಶದ ಪಾಲನೆ ಹೇಗಿತ್ತು ಎಂಬುದಕ್ಕೆ ಸಾಕ್ಷಿ. ಸರಸ್ವತಿಪುರಂ, ಕುವೆಂಪುನಗರದ ರಸ್ತೆಗಳಲ್ಲಿ ಬೆಳಗಿನ ಎಂಟು ಗಂಟೆಗೆ ಆಟೋಗಳ ಹಿಂಬದಿಗೆ ಜೋತುಬಿದ್ದ ಚೀಲಗಳನ್ನು ಎಣಿಸಿದವರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ನ್ಯಾಯಾಲಯದ 15 ಸೂಚನೆಗಳು

ಈಗ ವಿಷಯ ಚೀಲವನ್ನು ದಾಟಿ ಮನಸ್ಸಿಗೆ ಬಂದಿದೆ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17ರ ಹರೆಯದ ವಿದ್ಯಾರ್ಥಿನಿ 2023ರಲ್ಲಿ ಸಾವಿಗೀಡಾದ ಪ್ರಕರಣದ ತೀರ್ಪು ನೀಡುತ್ತ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ 2025ರ ಜುಲೈ 25ರಂದು ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ನೀಡಿತು. ಸೂಕ್ತ ಕಾನೂನು ಬರುವವರೆಗೆ ಇವೇ ಕಾನೂನು. ಪೀಠದ ಮುಂದಿದ್ದ ಅಂಕಿಅಂಶ ಕಣ್ತೆರೆಸುವಂಥದ್ದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. ಇವುಗಳಲ್ಲಿ 2,200ಕ್ಕೂ ಹೆಚ್ಚು ಸಾವುಗಳಿಗೆ ಪರೀಕ್ಷೆಯಲ್ಲಿ ಅನುತ್ತೀರ್ಣತೆಯೇ ಕಾರಣ ಎಂದು ದಾಖಲಾಗಿತ್ತು. ಅದೇ ವರ್ಷ ಎನ್‌ಸಿಇಆರ್‌ಟಿ 3.79 ಲಕ್ಷ ವಿದ್ಯಾರ್ಥಿಗಳಲ್ಲಿ ನಡೆಸಿದ ಸಮೀಕ್ಷೆ ಪ್ರಕಟವಾಗಿತ್ತು. ಓದು, ಪರೀಕ್ಷೆ ಮತ್ತು ಫಲಿತಾಂಶ ತಮ್ಮ ಆತಂಕಕ್ಕೆ ಕಾರಣ ಎಂದವರು ಶೇ 81ರಷ್ಟು.

ಮಾರ್ಗಸೂಚಿಗಳಲ್ಲಿ ಹೆಚ್ಚು ಸುದ್ದಿಯಾದದ್ದು ಆಪ್ತ ಸಮಾಲೋಚಕರ ನೇಮಕ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಕನಿಷ್ಠ ಒಬ್ಬ ತರಬೇತಿ ಪಡೆದ ಸಮಾಲೋಚಕರನ್ನು, ಮನೋವಿಜ್ಞಾನಿಯನ್ನು ಇಲ್ಲವೇ ಸಮಾಜಕಾರ್ಯಕರ್ತರನ್ನು ಹೊಂದಿರಬೇಕು. ನೂರಕ್ಕಿಂತ ಕಡಿಮೆ ಇದ್ದರೆ ಹೊರಗಿನ ತಜ್ಞರೊಂದಿಗೆ ವಿಧಿವತ್ತಾದ ಸಂಪರ್ಕ ಏರ್ಪಡಿಸಿಕೊಂಡರೆ ಸಾಕು.

ಮೇಲ್ನೋಟಕ್ಕೆ ಇದು ನ್ಯಾಯವಾದ ವಿಂಗಡಣೆ. ಆದರೆ ಕರ್ನಾಟಕದ ಶಾಲೆಗಳ ಮೇಲೆ ಈ ಗೆರೆ ಎಳೆದು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಗೆರೆಯ ಮೇಲ್ಭಾಗದಲ್ಲಿ ನಗರದ ದೊಡ್ಡ ಖಾಸಗಿ ಶಾಲೆಗಳಿವೆ. ಸಿಬಿಎಸ್‌ಇ ಮಾನ್ಯತೆ ಪಡೆದವುಗಳಿಗೆ ಸಮಾಲೋಚಕರ ನೇಮಕ ಹಲವು ವರ್ಷಗಳಿಂದಲೇ ಷರತ್ತು. ಗೆರೆಯ ಕೆಳಗೆ ಉಳಿಯುವುದು ಹಾಜರಿ ಕುಸಿಯುತ್ತಿರುವ ಸರ್ಕಾರಿ ಕನ್ನಡ ಶಾಲೆಗಳು. ಮೈಸೂರಿನ ಹಳೆಯ ಮೊಹಲ್ಲಾಗಳ ಶಾಲೆಗಳಿಂದ ಹಿಡಿದು ಹೆಗ್ಗಡದೇವನಕೋಟೆಯ ಹಾಡಿಗಳ ಅಂಚಿನ ಶಾಲೆಗಳವರೆಗೆ ಅಲ್ಲಿ ಓದುವವರು ಪೌರಕಾರ್ಮಿಕರ, ಕಟ್ಟಡ ಕೂಲಿಗಳ, ಆದಿವಾಸಿಗಳ ಮಕ್ಕಳು. ಹೆಚ್ಚು ಆಸರೆ ಬೇಕಾದ ಮಕ್ಕಳ ಪಾಲಿಗೆ ಸಿಗುವುದು 'ಸಂಪರ್ಕ' ಮಾತ್ರ. ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿ.ಮೀ. ಮಗುವನ್ನು ತಜ್ಞರ ಬಳಿ ಕರೆದೊಯ್ಯಬೇಕಾದ ತಾಯಿಗೆ ಅದು ಒಂದು ದಿನದ ಕೂಲಿ, ಎರಡು ಬಸ್ ಟಿಕೆಟ್.

ನೂರು ದಾಟಿದ ಸರ್ಕಾರಿ ಪ್ರೌಢಶಾಲೆಗಳ ಸ್ಥಿತಿಯೂ ಭಿನ್ನವಲ್ಲ. ಗಣಿತ, ಇಂಗ್ಲಿಷ್ ಪಾಠಕ್ಕೇ ಪ್ರತಿವರ್ಷ ಅತಿಥಿ ಶಿಕ್ಷಕರನ್ನು ನೆಚ್ಚಿಕೊಳ್ಳುವ ಇಲಾಖೆ ಸಮಾಲೋಚಕರನ್ನು ಎಲ್ಲಿಂದ ತಂದೀತು? ಯಾರೋ ಒಬ್ಬ ದೈಹಿಕ ಶಿಕ್ಷಕರಿಗೆ ಎರಡು ದಿನದ ತರಬೇತಿ ಕೊಟ್ಟು ನಾಮಫಲಕ ತೂಗುಹಾಕುವ ಸಾಧ್ಯತೆಯೇ ಹೆಚ್ಚು.

ವಾರಾನ್ನದಿಂದ ಬಿಸಿಯೂಟದವರೆಗೆ

ಶಾಲೆಯಲ್ಲಿ ಮಗು ನೆಲೆ ಕಂಡುಕೊಳ್ಳುವುದು ಹೇಗೆ ಎಂಬುದಕ್ಕೆ ಮೈಸೂರಿನಷ್ಟು ದೀರ್ಘ ಅನುಭವವುಳ್ಳ ಊರು ರಾಜ್ಯದಲ್ಲಿ ವಿರಳ. ಹಳ್ಳಿಗಳಿಂದ ಓದಲು ಬಂದ ಹುಡುಗರನ್ನು ಈ ಊರು ಮೊದಲು ಸಾಕಿದ್ದು ವಾರಾನ್ನದಿಂದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಊಟದ ಜೊತೆಗೆ 'ಈ ಬಾರಿ ಪರೀಕ್ಷೆ ಹೇಗಾಯಿತು' ಎಂದು ಕೇಳುವ ಒಬ್ಬ ಗೃಹಿಣಿ ಅಲ್ಲಿ ಇರುತ್ತಿದ್ದಳು. ಆದರೆ ಆ ಬಾಗಿಲು ತೆರೆಯುತ್ತಿದ್ದುದು ಜಾತಿ ನೋಡಿ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ 'ತಾತಯ್ಯ' ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ಕಟ್ಟಿದರು. ಇಪ್ಪತ್ತನೇ ಶತಮಾನದಲ್ಲಿ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆ ವಿದ್ಯಾರ್ಥಿನಿಲಯ ತೆರೆಯಿತು. 1940ರ ದಶಕದ ಆರಂಭದಲ್ಲಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಬಡ ವಿದ್ಯಾರ್ಥಿಗಳಿಗಾಗಿ ಆರಂಭಿಸಿದ ಉಚಿತ ನಿಲಯವೇ ಮುಂದೆ ಬೃಹತ್ ವಿದ್ಯಾಸಂಸ್ಥೆಯಾಗಿ ಬೆಳೆಯಿತು. ಇವುಗಳ ನೆರಳಿನಲ್ಲಿ ಓದಿ ಮೇಲೆ ಬಂದವರು ಸಾವಿರಾರು. ಅವರಲ್ಲಿ ಬಹುತೇಕರು ನೆನೆಯುವುದು ತರಗತಿಯ ಪಾಠವನ್ನಲ್ಲ, ನಿಲಯದ ಊಟದ ಗಂಟೆಯನ್ನು.

ಹೊಟ್ಟೆ ತುಂಬಿತು, ಆದರೆ ಪಂಕ್ತಿಗಳು ಬಹುಪಾಲು ಬೇರೆ ಬೇರೆಯಾಗಿಯೇ ಉಳಿದವು. ಎಲ್ಲ ಮಕ್ಕಳನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದು 2002ರಿಂದ ರಾಜ್ಯದಲ್ಲಿ ಜಾರಿಗೆ ಬಂದ ಬಿಸಿಯೂಟ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ನೀಡಬೇಕೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಹಿಂದೆಯೂ ಇದೇ ದೃಷ್ಟಿಯಿತ್ತು. ಆಪ್ತ ಸಮಾಲೋಚನೆ ಎಂಬ ಮಾತು ಶಾಲೆಗಳಲ್ಲಿ ಚಾಲ್ತಿಗೆ ಬರುವ ಮೊದಲೇ ಬಂದ ಈ ಯೋಜನೆಯನ್ನು ಯಾರೂ ಮಾನಸಿಕ ಆರೋಗ್ಯದ ಕಾರ್ಯಕ್ರಮ ಎಂದು ಕರೆಯಲಿಲ್ಲ. ಕರೆಯಬಹುದಿತ್ತು.

ಆ ಸಾಲು ಎಷ್ಟು ಬೇಗ ಮುರಿಯಬಲ್ಲದು ಎಂಬುದನ್ನು ಮೈಸೂರಿನ ನೆರೆಯ ಜಿಲ್ಲೆಯೇ ತೋರಿಸಿತು. ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯಲ್ಲಿದ್ದ 22 ಮಕ್ಕಳಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಶಾಲೆ ತೊರೆಯಲು ಮುಂದಾದ ಸುದ್ದಿ 2025ರ ಜೂನ್‌ನಲ್ಲಿ ಹೊರಬಿತ್ತು. ದಲಿತ ಮಹಿಳೆ ಅಡುಗೆ ಮಾಡುವುದೇ ಕಾರಣ ಎಂಬುದು ಆರೋಪ. ಪಾಠ ಸರಿಯಿಲ್ಲದ್ದೇ ಕಾರಣ ಎಂಬ ಸಮಜಾಯಿಷಿಯೂ ಕೇಳಿಬಂತು. ಅಧಿಕಾರಿಗಳು ಊರಿಗೆ ಧಾವಿಸಿದರು, ಸಭೆ ನಡೆಸಿದರು. ಕಾರಣ ಯಾವುದೇ ಇರಲಿ, ಖಾಲಿ ಶಾಲೆಯಲ್ಲಿ ಉಳಿದ ಒಂದು ಮಗುವಿನ ಮನಸ್ಸಿನಲ್ಲಿ ಆ ದಿನಗಳಲ್ಲಿ ಏನು ನಡೆದಿರಬಹುದು? ಟಿಸಿ ಪಡೆದು ಹೊರಟ ಮಕ್ಕಳು ತಮ್ಮ ಊರಿನ ಬಗ್ಗೆ ಏನು ಕಲಿತರು? ಇಪ್ಪತ್ತೆರಡು ಮಕ್ಕಳ ಈ ಶಾಲೆ ನ್ಯಾಯಾಲಯದ ಲೆಕ್ಕದಲ್ಲಿ ಸಮಾಲೋಚಕರಿಗೆ ಅರ್ಹವಲ್ಲ. ಅರ್ಹವಾಗಿದ್ದರೂ ಅಲ್ಲಿ ಸಮಾಲೋಚನೆ ಬೇಕಿದ್ದುದು ಮಕ್ಕಳಿಗಂತೂ ಅಲ್ಲ.

ಚರ್ಚೆಗೆ ಬಾರದ ಸೂಚನೆ

ಹದಿನೈದು ಸೂಚನೆಗಳಲ್ಲಿ ಹಣ ಖರ್ಚಾಗದ ಒಂದಿದೆ. ಅಂಕದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ವಿಭಾಗಗಳಾಗಿ ಒಡೆಯುವುದನ್ನು, ಎಲ್ಲರ ಮುಂದೆ ಅವಮಾನಿಸುವುದನ್ನು, ಶಕ್ತಿ ಮೀರಿದ ಗುರಿ ಹೇರುವುದನ್ನು ಸಂಸ್ಥೆಗಳು, ವಿಶೇಷವಾಗಿ ತರಬೇತಿ ಕೇಂದ್ರಗಳು, ಸಾಧ್ಯವಾದಷ್ಟು ಬಿಡಬೇಕು ಎನ್ನುತ್ತದೆ ಅದು. 'ಸಾಧ್ಯವಾದಷ್ಟು' ಎಂಬ ಪದವನ್ನು ಪೀಠ ಸೇರಿಸದಿದ್ದರೆ ಚೆನ್ನಾಗಿತ್ತು. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಯಾವ ವಿನಾಯಿತಿಯೂ ಇಲ್ಲದೆ ನಿಷೇಧಿಸಿದೆ.

ಫಲಿತಾಂಶ ಬಂದ ಮರುದಿನ ಯಾವುದೇ ನಗರದ ವೃತ್ತಗಳಲ್ಲಿ ನಿಂತರೆ ಶಾಲೆಗಳ ಫ್ಲೆಕ್ಸ್‌ಗಳಲ್ಲಿ ಹತ್ತು ಹನ್ನೆರಡು ಮುಖಗಳು ಕಾಣುತ್ತವೆ. ಉಳಿದ ಇನ್ನೂರು ಮಕ್ಕಳೂ ಅದೇ ಶಾಲೆಯವರು. ನೂರಕ್ಕೆ ನೂರು ಫಲಿತಾಂಶದ ಆಸೆಗೆ ಒಂಬತ್ತನೇ ತರಗತಿಯಲ್ಲೇ ಹಿಂದುಳಿದ ಮಗುವಿನ ಕೈಗೆ ಟಿಸಿ ಕೊಟ್ಟು ಕಳುಹಿಸುವ ಖಾಸಗಿ ಶಾಲೆಗಳ ಬಗ್ಗೆ ಪಾಲಕರ ದೂರು ಹಳೆಯದು. ಸರ್ಕಾರವೂ ಈ ಪಂದ್ಯದಿಂದ ಹೊರಗಿಲ್ಲ. ಜಿಲ್ಲೆಗಳಿಗೆ ರ‍್ಯಾಂಕ್, ಫಲಿತಾಂಶ ಇಳಿದರೆ ಮುಖ್ಯೋಪಾಧ್ಯಾಯರಿಗೆ ನೋಟಿಸ್. ನೋಟಿಸ್ ಪಡೆದ ಮುಖ್ಯೋಪಾಧ್ಯಾಯರು ಅದೇ ವರ್ಷ ಮಕ್ಕಳೊಂದಿಗೆ ಸಮಾಧಾನದಿಂದ ಮಾತನಾಡಬೇಕೆಂದು ನಿರೀಕ್ಷಿಸುವುದು ತುಸು ಅತಿಯಾಯಿತು.

ಇದರ ನಡುವೆ ರಾಜ್ಯ ಕೈಗೊಂಡ ಎರಡು ನಿರ್ಧಾರಗಳನ್ನು ಒಪ್ಪಿಕೊಳ್ಳಲೇಬೇಕು. 2023–24ರ ಸಾಲಿನಿಂದ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆಗಳ ಅವಕಾಶ ನೀಡಿ 'ಪೂರಕ ಪರೀಕ್ಷೆ' ಎಂಬ ಹೆಸರನ್ನೇ ಕೈಬಿಡಲಾಯಿತು. 2025ರ ಅಕ್ಟೋಬರ್‌ನಲ್ಲಿ ಉತ್ತೀರ್ಣತೆಯ ಮಿತಿಯನ್ನು ಶೇ 35ರಿಂದ 33ಕ್ಕೆ, ಅಂದರೆ 625ಕ್ಕೆ 206 ಅಂಕಗಳಿಗೆ ಇಳಿಸುವ ಪ್ರಕಟಣೆ ಹೊರಬಿತ್ತು. ಗುಣಮಟ್ಟ ಕುಸಿಯುತ್ತದೆ ಎಂದು ಗೊಣಗಿದವರಿದ್ದಾರೆ. 2025ರ ಮೊದಲ ಪರೀಕ್ಷೆಯಲ್ಲಿ ಮೂವರಲ್ಲಿ ಒಬ್ಬರು ಅನುತ್ತೀರ್ಣರಾದ ರಾಜ್ಯದಲ್ಲಿ, ಹದಿನಾರರ ಮಗುವಿಗೆ ಅದೇ ವರ್ಷ ಮತ್ತೆರಡು ಬಾಗಿಲು ತೆರೆದಿಡುವುದರಿಂದ ಆಗುವ ನಷ್ಟ ಏನೆಂಬುದನ್ನು ಅವರು ವಿವರಿಸಿಲ್ಲ.

ಸಣ್ಣ ಶಾಲೆಗಳ 'ಸಂಪರ್ಕ'ದ ವಿಷಯಕ್ಕೆ ಮರಳುವುದಾದರೆ, ಅದನ್ನು ಮಾಡಿ ತೋರಿಸಲು ಮೈಸೂರಿಗಿಂತ ಅನುಕೂಲವಾದ ಊರಿಲ್ಲ. ಇಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ. ದೇಶದ ಅತಿ ಹಳೆಯ ವಿಭಾಗಗಳಲ್ಲಿ ಅದೊಂದು. ಶಿಕ್ಷಕರನ್ನು ರೂಪಿಸುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ತನ್ನದೇ ಪ್ರಾಯೋಗಿಕ ಶಾಲೆಯೊಂದಿಗೆ ಇಲ್ಲಿದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಎರಡು ವೈದ್ಯಕೀಯ ಕಾಲೇಜುಗಳ ಮನೋರೋಗ ವಿಭಾಗಗಳಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯವನ್ನು ವಾರಕ್ಕೊಂದು ದಿನ ನಾಲ್ಕೈದು ಸಣ್ಣ ಶಾಲೆಗಳ ಗುಂಪಿಗೆ ಜೋಡಿಸಲು ಹೊಸ ಹುದ್ದೆ ಬೇಕಿಲ್ಲ, ಸಂಸ್ಥೆಗಳ ನಡುವೆ ಒಂದು ಒಪ್ಪಂದ ಸಾಕು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ನೇತೃತ್ವದ ಉಸ್ತುವಾರಿ ಸಮಿತಿ ಇರಬೇಕೆಂದು ತೀರ್ಪು ಹೇಳಿದೆ; ಇಂಥ ಒಪ್ಪಂದಕ್ಕೆ ಸಹಿ ಹಾಕಿಸಬಲ್ಲವರೂ ಅವರೇ. ಇಷ್ಟೆಲ್ಲ ಇರುವ ಮೈಸೂರಿನಲ್ಲಿ ಆಗದ ಕೆಲಸ ದೇವದುರ್ಗದಲ್ಲಿ, ಸುರಪುರದಲ್ಲಿ ಆದೀತೆಂದು ನಂಬುವುದು ಕಷ್ಟ.

ಸದ್ಯಕ್ಕೆ ಎಲ್ಲ ಶಾಲೆಗಳಿಗೂ ಸಮಾನವಾಗಿ ಅನ್ವಯವಾಗುವುದು ಸಹಾಯವಾಣಿಯ ಫಲಕ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಯ ಸಂಖ್ಯೆ 14416. ಹಗಲಿರುಳು ಉಚಿತ, ಕನ್ನಡದಲ್ಲಿಯೂ ಲಭ್ಯ. ಇಂಥ ಸಂಖ್ಯೆಗಳನ್ನು ತರಗತಿ, ವಿದ್ಯಾರ್ಥಿನಿಲಯಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕೆಂಬ ಸೂಚನೆಯೂ ತೀರ್ಪಿನಲ್ಲಿದೆ. ಶಾಲೆಗೆ ಮೊಬೈಲ್ ತರುವಂತಿಲ್ಲ. ಹಾಗಾಗಿ ಶಾಲೆಯ ಹೊತ್ತಿನಲ್ಲಿ ಆ ಸಂಖ್ಯೆಗೆ ಕರೆ ಮಾಡಬೇಕಾದ ಮಗು, ದೂರವಾಣಿ ಕೇಳಲು ಮೊದಲು ಹೋಗಬೇಕಾದದ್ದು ಮುಖ್ಯೋಪಾಧ್ಯಾಯರ ಕೊಠಡಿಗೆ.